ಮೊದಲು ನಲ್ಲಿ ಎಲ್ಲಿದೆ ಹೇಳಿ

ಖಾಲಿ ಬಿದ್ದ ಜಾಗದಲ್ಲಿ ಒಂದು ಪುಟ್ಟ ಪಾರ್ಕ್ ಮಾಡೋಣ ಅಂತ ಅಕ್ಕಪಕ್ಕದ ಮನೆಯವರು ಸೇರಿಕೊಂಡು ನನ್ನನ್ನು ಕರೆಯುತ್ತಾರೆ. ಹೋದ ಕೂಡಲೇ ಕೈಗೆ ಬರುವುದು ಗಿಡಗಳ ಪಟ್ಟಿ. ಒಬ್ಬರಿಗೆ ಹೂವಿನ ಬಳ್ಳಿ ಬೇಕು, ಇನ್ನೊಬ್ಬರಿಗೆ ನೆರಳಿನ ಮರ, ಮತ್ತೊಬ್ಬರಿಗೆ ಚಿಟ್ಟೆ ಬರುವಂಥದ್ದು. ನಾನು ಪಟ್ಟಿಯನ್ನು ಮಡಚಿ ಜೇಬಿಗೆ ಹಾಕಿಕೊಂಡು ಒಂದೇ ಮಾತು ಕೇಳುತ್ತೇನೆ. "ನಲ್ಲಿ ಎಲ್ಲಿದೆ?"

ಅಲ್ಲಿಗೆ ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಾರೆ.

ಮೊದಮೊದಲು ನಾನೂ ಈ ಪ್ರಶ್ನೆ ಕೇಳುತ್ತಿರಲಿಲ್ಲ. ಕೆಲಸ ಶುರು ಮಾಡಿದ ಹೊಸದರಲ್ಲಿ ಒಂದು ಕಡೆ ಒಂದೇ ಬೆಳಗ್ಗೆ ನೂರಕ್ಕೂ ಜಾಸ್ತಿ ಸಸಿ ನೆಡಿಸಿದ್ದೆ. ಮಕ್ಕಳು, ಅಜ್ಜಂದಿರು, ಫೋಟೊ, ಚಪ್ಪಾಳೆ ಎಲ್ಲ ಆಯಿತು. ನಾಲ್ಕು ತಿಂಗಳು ಬಿಟ್ಟು ಹೋಗಿ ನೋಡಿದರೆ ಕಾಲು ಭಾಗವೂ ಉಳಿದಿರಲಿಲ್ಲ. ನೀರು ಬೇಕಂದರೆ ಎದುರು ಮನೆಯ ಗೇಟು ತಟ್ಟಬೇಕಿತ್ತು. ಎರಡು ವಾರ ತಟ್ಟಿದರು, ಆಮೇಲೆ ಸಂಕೋಚವಾಯಿತು, ಬಿಟ್ಟರು. ಅವರದೇನೂ ತಪ್ಪಿಲ್ಲ. ಗಿಡ ಎಷ್ಟು ಅಂತ ಲೆಕ್ಕ ಹಾಕಿದ ನಾನು ಬಕೆಟ್ ಎಷ್ಟು ಅಂತ ಹಾಕಿರಲಿಲ್ಲ.

ಲೆಕ್ಕ ಸುಲಭವಾಗಿಯೇ ಇದೆ. ಹೊಸದಾಗಿ ನೆಟ್ಟ ಮರದ ಸಸಿಗೆ ಮಳೆಯಿಲ್ಲದ ದಿನಗಳಲ್ಲಿ ವಾರಕ್ಕೆ ಎರಡು ಸಲ, ಸಲಕ್ಕೆ ಸುಮಾರು 10 ಲೀಟರ್ ಅಂದುಕೊಳ್ಳಿ. 40 ಸಸಿಗೆ ವಾರಕ್ಕೆ 800 ಲೀಟರ್ ಆಯಿತು. ಅಂದರೆ 80 ಬಕೆಟ್. ನಿಯಮಿತವಾಗಿ ಬರುವವರು ಎಂಟು ಜನ ಇದ್ದರೆ ತಲೆಗೆ 10 ಬಕೆಟ್. ಪೈಪ್ ಇದ್ದರೆ ಇದು ಅರ್ಧ ಗಂಟೆಯ ಹರಟೆ, ಹೊತ್ತು ತರಬೇಕಾದರೆ ಬೆನ್ನು ನೋವು. ಅದಕ್ಕೇ ನಾನು ಗಿಡದ ಸಂಖ್ಯೆಯನ್ನು ಜಾಗದ ಅಳತೆ ನೋಡಿ ಹೇಳುವುದಿಲ್ಲ, ಕೈಗಳ ಲೆಕ್ಕ ನೋಡಿ ಹೇಳುತ್ತೇನೆ. ಬಿಸಿಲುಗಾಲದ ಒಂದು ಬುಧವಾರ ಸಂಜೆ ಎಷ್ಟು ಜನ ಬರುತ್ತಾರೆ? ಅಷ್ಟೇ ನಿಮ್ಮ ಪಾರ್ಕಿನ ಗಾತ್ರ.

ಪಕ್ಕದ ಕಟ್ಟಡದವರು ಒಪ್ಪಿದರೆ ಅವರ ಚಾವಣಿಯ ನೀರನ್ನೂ ಕೇಳಿ. 1 ಚದರ ಮೀಟರ್ ಮೇಲೆ 1 ಮಿಲಿಮೀಟರ್ ಮಳೆ ಬಿದ್ದರೆ 1 ಲೀಟರ್ ನೀರು. 100 ಚದರ ಮೀಟರ್ ಚಾವಣಿ, 20 ಮಿಲಿಮೀಟರ್‌ನ ಒಂದು ಮಳೆ, ಹತ್ತಿರ ಹತ್ತಿರ 2000 ಲೀಟರ್. ಸ್ವಲ್ಪ ಆವಿಯಾಗಿ, ಸ್ವಲ್ಪ ಚೆಲ್ಲಿ ಹೋಗುತ್ತದೆ ಬಿಡಿ, ಆದರೂ ಮುಚ್ಚಳ ಇರುವ ಒಂದು ಡ್ರಮ್ ಇಟ್ಟರೆ ನಷ್ಟವಿಲ್ಲ. ಮುಚ್ಚಳ ಮಾತ್ರ ಮರೆಯಬೇಡಿ, ಇಲ್ಲದಿದ್ದರೆ ಪಾರ್ಕಿಗಿಂತ ಮುಂಚೆ ಸೊಳ್ಳೆ ಸಂಸಾರ ಹೂಡುತ್ತದೆ.

ಎರಡನೇ ಪ್ರಶ್ನೆ ಜಾಗ ಯಾರದು ಅನ್ನುವುದು. ಇದನ್ನು ಕೇಳಿದರೂ ಜನ ಮುಖ ಸಿಂಡರಿಸುತ್ತಾರೆ. ಪಾಳು ಬಿದ್ದ ಜಾಗ ತಾನೇ, ಯಾರು ಕೇಳ್ತಾರೆ ಅಂತ. 1973ರಲ್ಲಿ ನ್ಯೂಯಾರ್ಕ್‌ನ ಬವರಿ ಮತ್ತು ಹ್ಯೂಸ್ಟನ್ ರಸ್ತೆಗಳು ಸೇರುವ ಮೂಲೆಯಲ್ಲಿ ಲಿಜ್ ಕ್ರಿಸ್ಟಿ ಎಂಬ ಕಲಾವಿದೆ ಮತ್ತು ಆಕೆಯ ಗೆಳೆಯರು ಕಸದ ರಾಶಿ ಎತ್ತಿ ತೋಟ ಮಾಡಲು ಹೊರಟರು. ತಮ್ಮ ಗುಂಪಿಗೆ ಗ್ರೀನ್ ಗೆರಿಲ್ಲಾಸ್ ಅಂತ ಹೆಸರಿಟ್ಟುಕೊಂಡಿದ್ದರು. ಬೇಲಿಯಾಚೆಯ ಖಾಲಿ ಜಾಗಗಳಿಗೆ ಬೀಜದುಂಡೆ ಎಸೆಯುತ್ತಿದ್ದ ಗುಂಪು ಅದು. ಇವತ್ತಿಗೂ ಎಲ್ಲರೂ ಆ ಬೀಜದುಂಡೆಯ ಕತೆಯನ್ನೇ ಹೇಳುತ್ತಾರೆ. ನನಗೆ ಇಷ್ಟವಾಗುವುದು ಮುಂದಿನ ವರ್ಷದ ಕತೆ. 1974ರಲ್ಲಿ ಅವರು ಆ ಜಾಗವನ್ನು ನಗರಾಡಳಿತದಿಂದ ತಿಂಗಳಿಗೆ 1 ಡಾಲರ್ ಬಾಡಿಗೆಗೆ ಪಡೆದರು. ಆ ತೋಟ ಈಗಲೂ ಇದೆ, ಲಿಜ್ ಕ್ರಿಸ್ಟಿಯ ಹೆಸರಿನಲ್ಲೇ ಇದೆ. ಬಾಡಿಗೆ ಮುಖ್ಯವಲ್ಲ, ಕಾಗದ ಮುಖ್ಯ. ಕಾಗದವಿಲ್ಲದ ಜಾಗದಲ್ಲಿ ಮರ ನೆಡಬೇಡಿ, ಬೇಕಾದರೆ ಕುಂಡ ಇಡಿ.

ಇನ್ನು ಮಣ್ಣು. ಇಲ್ಲಿ ಸ್ವಲ್ಪ ಜಾಸ್ತಿ ಹೊತ್ತು ನಿಲ್ಲುತ್ತೇನೆ, ಯಾಕಂದರೆ ನಗರದ ಖಾಲಿ ಜಾಗದಲ್ಲಿ ಮೇಲೆ ಕಾಣುವುದಕ್ಕೂ ಕೆಳಗಿರುವುದಕ್ಕೂ ಸಂಬಂಧವೇ ಇರುವುದಿಲ್ಲ. ಗುಂಡಿ ತೋಡುವ ಮೊದಲ ದಿನ ನನಗೆ ಬಹಳ ಇಷ್ಟ. ಹಾರೆ ಮೊದಲ ಏಟಿಗೆ ಮೆತ್ತಗೆ ಇಳಿಯುತ್ತದೆ, ಎರಡನೆಯದಕ್ಕೆ ಇಟ್ಟಿಗೆ ಚೂರು, ಮೂರನೆಯದಕ್ಕೆ ಠಣ್ ಅನ್ನುತ್ತದೆ. ಒಂದು ಕಡೆ ಹೀಗೇ ಠಣ್ ಅಂದಲ್ಲಿ ಕೈಯಿಂದ ಮಣ್ಣು ಸರಿಸುತ್ತಾ ಹೋದೆವು. ಬೂದು ಬಣ್ಣದ ನುಣುಪು ಕಾಣಿಸಿತು. ಹಳೆಯ ಮನೆಯೊಂದರ ಸಿಮೆಂಟ್ ನೆಲ! ಮೂಲೆಯಲ್ಲಿ ನೀರು ಹೋಗುವ ತೂತು ಕೂಡ ಹಾಗೇ ಇತ್ತು. ಯಾರದೋ ಬಚ್ಚಲಮನೆಯ ಮೇಲೆ ನಾವು ಮರ ನೆಡಲು ಹೊರಟಿದ್ದೆವು. ಜೊತೆಗಿದ್ದ ಹುಡುಗ ಒಬ್ಬ ಆ ತೂತಿಗೆ ಕಡ್ಡಿ ತೂರಿಸಿ, "ಸಾರ್, ಇಲ್ಲೇ ನೆಟ್ಬಿಡೋಣ, ನೀರು ಹೋಗೋಕೆ ದಾರಿ ಇದೆ" ಅಂದ.

ಅವನು ತಮಾಷೆಗೆ ಅಂದರೂ ವಿಷಯ ಸರಿಯಾಗಿಯೇ ಹಿಡಿದಿದ್ದ. ಬೇರಿಗೆ ನೀರು ಎಷ್ಟು ಬೇಕೋ ಗಾಳಿಯೂ ಅಷ್ಟೇ ಬೇಕು. ನೀರು ಇಂಗದೆ ನಿಂತರೆ ಬೇರು ಉಸಿರು ಕಟ್ಟಿ ಕೊಳೆಯುತ್ತದೆ. ಎಲೆ ಹಳದಿಯಾಗುತ್ತದೆ, ಜನ ಒಣಗಿದೆ ಅಂದುಕೊಂಡು ಇನ್ನಷ್ಟು ನೀರು ಹಾಕುತ್ತಾರೆ. ನಾನು ನೋಡಿದ ಮಟ್ಟಿಗೆ ಬಾಯಾರಿಕೆಯಿಂದ ಸತ್ತ ಸಸಿಗಳಿಗಿಂತ ಹೀಗೆ ಮುಳುಗಿ ಸತ್ತವು ತೀರಾ ಕಡಿಮೆ ಏನಲ್ಲ.

ಪರೀಕ್ಷೆ ಮಾಡಲು ಯಾವ ಯಂತ್ರವೂ ಬೇಡ. 30 ಸೆಂಟಿಮೀಟರ್ ಆಳ, ಅಷ್ಟೇ ಅಗಲದ ಗುಂಡಿ ತೋಡಿ ನೀರು ತುಂಬಿಸಿ, ಇಂಗಿ ಹೋಗಲು ಬಿಡಿ. ಮತ್ತೆ ತುಂಬಿಸಿ, ಒಂದು ಕಡ್ಡಿ ಇಳಿಬಿಟ್ಟು ಗಂಟೆಗೆ ಎಷ್ಟು ಇಳಿಯಿತು ಅಂತ ಗುರುತು ಮಾಡಿ. ಎರಡು ಮೂರು ಸೆಂಟಿಮೀಟರ್ ಇಳಿದರೆ ಚೆನ್ನಾಗಿದೆ. ಒಂದು ಸೆಂಟಿಮೀಟರ್ ಕೂಡ ಇಳಿಯದಿದ್ದರೆ ಅಲ್ಲಿ ಮರದ ಆಸೆ ಬಿಟ್ಟು ಮಣ್ಣು ಏರಿಸಿದ ಮಡಿ ಮಾಡಿ. ಇಂಥ ಗುಂಡಿ ಒಂದಲ್ಲ, ನಾಲ್ಕೈದು ಬೇಕು. ಅದೇ ಜಾಗದ ಒಂದು ಮೂಲೆ ಮರಳು, ಇನ್ನೊಂದು ಜೇಡಿ ಇರುವುದು ಮಾಮೂಲು. ಹಳೆ ಕಟ್ಟಡ ಕೆಡವಿದ ಜಾಗವಾದರೆ ಮಣ್ಣಿನಲ್ಲಿ ಸೀಸ ಇರಬಹುದು, ಹಳೆಯ ಬಣ್ಣಗಳಲ್ಲಿ ಅದನ್ನು ಬಳಸುತ್ತಿದ್ದರು. ಅಂಥ ಕಡೆ ಸೊಪ್ಪು ತರಕಾರಿ ಬೆಳೆಯುವ ಆಸೆಯಿದ್ದರೆ ಮೊದಲು ಪ್ರಯೋಗಾಲಯಕ್ಕೆ ಮಣ್ಣು ಕಳಿಸಿ.

ನೆಡುವ ದಿನದ ಬಗ್ಗೆ ಎರಡೇ ಮಾತು. ಗುಂಡಿ ಬೇರಿನ ಮಣ್ಣುಗಡ್ಡೆಗಿಂತ ಎರಡು ಮೂರು ಪಟ್ಟು ಅಗಲ ಇರಲಿ, ಆಳ ಮಾತ್ರ ಅಷ್ಟೇ ಇರಲಿ. ಆಳಕ್ಕೆ ಹೂತರೆ ಕಾಂಡದ ಬುಡ ಮಣ್ಣಿನೊಳಗೆ ಸೇರಿ ಕೊಳೆಯುತ್ತದೆ. ಕವರ್ ಹರಿದಾಗ ಬೇರು ಸುರುಳಿ ಸುತ್ತಿಕೊಂಡಿದ್ದರೆ ಬೆರಳಿನಿಂದ ಬಿಡಿಸಿ, ಬಿಡದಿದ್ದರೆ ಚಾಕುವಿನಿಂದ ಮೂರು ನಾಲ್ಕು ಕಡೆ ಗೀರಿ. ಪಾಪ ಅನ್ನಿಸುತ್ತದೆ, ಆದರೆ ಬಿಡಿಸದಿದ್ದರೆ ವರ್ಷಗಳ ಮೇಲೆ ಅದೇ ಬೇರು ಮರದ ಕುತ್ತಿಗೆ ಹಿಸುಕುತ್ತದೆ.

ಇತ್ತೀಚೆಗೆ ಎಲ್ಲರ ಬಾಯಲ್ಲೂ ಮಿಯಾವಾಕಿ. ಅಕಿರಾ ಮಿಯಾವಾಕಿ (1928–2021) ಜಪಾನಿನ ಸಸ್ಯವಿಜ್ಞಾನಿ. ಆಯಾ ನೆಲದ ಸಹಜ ಜಾತಿಗಳನ್ನು ಬೆರೆಸಿ ಒತ್ತೊತ್ತಾಗಿ, ಚದರ ಮೀಟರಿಗೆ ಸುಮಾರು ಮೂರು ಸಸಿಯಂತೆ ನೆಡುವುದು ಅವರ ವಿಧಾನ. ಮೊದಲ ಎರಡು ಮೂರು ವರ್ಷ ನೋಡಿಕೊಂಡರೆ ಆಮೇಲೆ ತಾನೇ ಬೆಳೆಯುತ್ತದೆ. ಒಳ್ಳೆಯ ವಿಧಾನವೇ. ಆದರೆ ಅದರಿಂದ ಬರುವುದು ಕಾಡಿನ ತುಣುಕು, ಕೂರುವ ಜಾಗವಲ್ಲ. ಒಳಗೆ ಕಾಲಿಡಲು ಆಗುವುದಿಲ್ಲ. ಪುಟ್ಟ ಪಾರ್ಕಿನ ಹಿಂಭಾಗದಲ್ಲಿ ಒಂದು ಪಟ್ಟಿ ಹಾಗೆ ಬೆಳೆಸಿ ಅಂತ ನಾನು ಹೇಳುತ್ತೇನೆ. ಪೂರ್ತಿ ಜಾಗ ಅದಕ್ಕೇ ಕೊಟ್ಟರೆ ಅಜ್ಜಿ ಎಲ್ಲಿ ಕೂರಬೇಕು?

ಕೂರುವುದು ಅಂದಾಗ ನನಗೆ ನೆನಪಾಗುವುದು ನ್ಯೂಯಾರ್ಕ್‌ನ ಪೇಲಿ ಪಾರ್ಕ್. 1967ರಲ್ಲಿ ಶುರುವಾದ ಇದು ಎರಡು ಕಟ್ಟಡಗಳ ಸಂದಿಯಲ್ಲಿದೆ, ಬರೀ 390 ಚದರ ಮೀಟರ್‌ನಷ್ಟು. ಹಿಂದಿನ ಗೋಡೆಯ ಮೇಲಿಂದ ಸುಮಾರು 6 ಮೀಟರ್ ಎತ್ತರದ ನೀರಿನ ಪರದೆ ಇಳಿಯುತ್ತದೆ, ಆ ಸದ್ದಿಗೆ ರಸ್ತೆಯ ಗದ್ದಲ ಮುಚ್ಚಿಹೋಗುತ್ತದೆ. ಅದನ್ನು ಬಿಡಿ, ಅಷ್ಟು ದುಡ್ಡು ನಮ್ಮಂಥ ಗುಂಪುಗಳ ಹತ್ತಿರ ಇರುವುದಿಲ್ಲ. ನೋಡಬೇಕಾದ್ದು ಅಲ್ಲಿನ ಕುರ್ಚಿಗಳನ್ನು. ಅವು ನೆಲಕ್ಕೆ ಬೋಲ್ಟ್ ಹಾಕಿದವಲ್ಲ, ಎತ್ತಿ ಸರಿಸುವಂಥವು. 1970ರ ದಶಕದಲ್ಲಿ ವಿಲಿಯಂ ವೈಟ್ ಎಂಬ ನಗರ ಸಂಶೋಧಕ ಕ್ಯಾಮೆರಾ ಇಟ್ಟು ಆ ನಗರದ ಸಣ್ಣ ಸಣ್ಣ ಬಯಲುಗಳಲ್ಲಿ ಜನ ಹೇಗೆ ನಡೆದುಕೊಳ್ಳುತ್ತಾರೆ ಅಂತ ನೋಡಿದರು. ಜನ ಕುರ್ಚಿಯನ್ನು ಕೂರುವ ಮುಂಚೆ ಒಂದು ಚೂರು ಸರಿಸುತ್ತಾರೆ, ಕೆಲವು ಸಲ ಇದ್ದಲ್ಲಿಗೇ ಮತ್ತೆ ತಂದು ಇಡುತ್ತಾರೆ. ಸುಮ್ನೆ. ಇದು ನನ್ನ ಜಾಗ ಅಂತ ಹೇಳಿಕೊಳ್ಳುವ ಬಗೆ ಅದು. ಕಳ್ಳತನವಾಗುತ್ತೆ ಅಂತ ಎಲ್ಲರೂ ಹೆದರುತ್ತಾರೆ. ಹಳೆಯ, ಒಂದಕ್ಕೊಂದು ಹೊಂದದ ನಾಲ್ಕು ಕುರ್ಚಿಗಳಿಂದ ಶುರು ಮಾಡಿ, ಹೋದರೆ ಹೋಗಲಿ.

ದಾರಿಯ ವಿಷಯದಲ್ಲೂ ಅಷ್ಟೇ. ನಾನು ಒಮ್ಮೆ ಕಾಗದದ ಮೇಲೆ ಚೆಂದ ಕಾಣುವ ಹಾಗೆ ಜಾಗದ ಮಧ್ಯೆ ದುಂಡನೆಯ ಹೂವಿನ ಮಡಿ ಎಳೆದಿದ್ದೆ. ಜನ ಅದರ ಮೇಲೆಯೇ ಅಡ್ಡ ಹಾಯ್ದು ಹೋಗುತ್ತಿದ್ದರು. ತಂತಿ ಕಟ್ಟಿದೆವು, ದಾಟಿದರು. ಬೋರ್ಡ್ ಹಾಕಿದೆವು, ಓದಿ ದಾಟಿದರು. ಆ ಜಾಗ ಖಾಲಿ ಇದ್ದ ಕಾಲದಿಂದಲೂ ಅದು ಬಸ್ ನಿಲ್ದಾಣಕ್ಕೆ ಹತ್ತಿರದ ದಾರಿ, ಅಷ್ಟೇ. ಕೊನೆಗೆ ಮಡಿಯನ್ನು ಎರಡಾಗಿ ಸೀಳಿ ನಡುವೆ ಕಲ್ಲು ಹಾಸಿದೆವು. ಮಾರನೇ ದಿನದಿಂದ ಒಂದು ಗಿಡವೂ ತುಳಿತಕ್ಕೆ ಸಿಗಲಿಲ್ಲ. ಈಗ ನಾನು ನಕ್ಷೆ ಬರೆಯುವ ಮೊದಲು ಸವೆದ ಹುಲ್ಲಿನ ಗೆರೆ ಎಲ್ಲಿದೆ ಅಂತ ನೋಡುತ್ತೇನೆ.

ಇಷ್ಟೆಲ್ಲ ಮಾಡಲು ಆಗದ ಗುಂಪುಗಳೂ ಇರುತ್ತವೆ. ಅವರಿಗೆ ನಾನು ಅಮೆರಿಕದ ಫಿಲಡೆಲ್ಫಿಯಾ ನಗರದ ಉದಾಹರಣೆ ಹೇಳುತ್ತೇನೆ. ಅಲ್ಲಿ 541 ಪಾಳು ಜಾಗಗಳನ್ನು ಚೀಟಿ ಎತ್ತಿದ ಹಾಗೆ ಮೂರು ಪಾಲು ಮಾಡಿ ನಡೆಸಿದ ಅಧ್ಯಯನ 2018ರಲ್ಲಿ ಪ್ರಕಟವಾಯಿತು. ಒಂದು ಪಾಲಿಗೆ ಕಸ ತೆಗೆದು ಹುಲ್ಲು, ಕೆಲವೇ ಮರ, ಒಂದು ಗಿಡ್ಡ ಮರದ ಬೇಲಿ. ಇನ್ನೊಂದಕ್ಕೆ ಕಸ ತೆಗೆಯುವುದು ಮಾತ್ರ. ಮೂರನೆಯದು ಹೇಗಿತ್ತೋ ಹಾಗೆ. ಹುಲ್ಲು ಬಂದ ಜಾಗಗಳ ಸುತ್ತ ವಾಸಿಸುವವರಲ್ಲಿ ಮನಸ್ಸು ಕುಗ್ಗಿದೆ ಅಂತ ಹೇಳಿಕೊಳ್ಳುವವರು ಗಮನಾರ್ಹವಾಗಿ ಕಡಿಮೆಯಾದರು. ಬರೀ ಕಸ ತೆಗೆದಲ್ಲಿ ಅಂಥ ಬದಲಾವಣೆ ಕಾಣಲಿಲ್ಲ. ಕಾರಂಜಿ ಇಲ್ಲ, ಪ್ರತಿಮೆ ಇಲ್ಲ. ಹುಲ್ಲು, ನಾಲ್ಕು ಮರ, ತಪ್ಪದೆ ಬಂದು ನೋಡಿಕೊಳ್ಳುವ ಕೈ.

ಪಾರ್ಕ್ ಮಾಡಿದವರ ಮನೆಯೂ ಹಸಿರಾಗುತ್ತದಾ ಅಂತ ಕೇಳುತ್ತಾರೆ. ಪೋಸ್ಟರ್ ಅಂಟಿಸಿದರೆ ಆಗುವುದಿಲ್ಲ. ಗೊಬ್ಬರದ ತೊಟ್ಟಿ ಇಟ್ಟರೆ ಆಗುತ್ತದೆ. ತೊಟ್ಟಿ ಇಟ್ಟ ಮೇಲೆ ತರಕಾರಿ ಸಿಪ್ಪೆ ಬೇರೆ ಇಡಲೇಬೇಕು, ಬೇರೆ ಇಟ್ಟಾಗ ಉಳಿದ ಡಬ್ಬಿಯಲ್ಲಿ ಎಷ್ಟು ಪ್ಲಾಸ್ಟಿಕ್ ಇದೆ ಅಂತ ಕಣ್ಣಿಗೆ ಬೀಳುತ್ತದೆ. ತರಕಾರಿ ತೊಳೆದ ನೀರು ಬಕೆಟ್ಟಿಗೆ ಹೋಗುತ್ತದೆ. ತರಗೆಲೆಗೆ ಬೆಂಕಿ ಇಡುತ್ತಿದ್ದವರೇ ಚೀಲ ಹಿಡಿದು ಎಲೆ ಗುಡಿಸಿ ತರುತ್ತಾರೆ, ಯಾಕಂದರೆ ಎಲೆಯಿಲ್ಲದೆ ತೊಟ್ಟಿ ನಾರುತ್ತದೆ.

ಹೌದು, ನಾರುತ್ತದೆ. ಗೊಬ್ಬರದ ತೊಟ್ಟಿ ಮುಚ್ಚಿಹೋಗುವುದು ಸಾಮಾನ್ಯವಾಗಿ ಎರಡನೇ ವಾರದಲ್ಲಿ, ವಾಸನೆಯ ದೂರಿನಿಂದ. ಎಲ್ಲರೂ ಹಸಿ ಸಿಪ್ಪೆ ತಂದು ಸುರಿಯುತ್ತಾರೆ, ಒಣ ಎಲೆ ಯಾರೂ ತರುವುದಿಲ್ಲ. ಒಂದು ಬುಟ್ಟಿ ಸಿಪ್ಪೆಗೆ ಎರಡು ಮೂರು ಬುಟ್ಟಿ ಒಣ ಎಲೆ, ಇದಿಷ್ಟೇ ಸೂತ್ರ. ಎಲೆಯಲ್ಲಿ ಇಂಗಾಲ ಜಾಸ್ತಿ, ಸಿಪ್ಪೆಯಲ್ಲಿ ಸಾರಜನಕ ಜಾಸ್ತಿ, ಕೊಳೆಸುವ ಸೂಕ್ಷ್ಮಜೀವಿಗಳಿಗೆ ಎರಡೂ ಬೇಕು. ಒಂದು ಹಿಡಿ ತೆಗೆದು ಹಿಂಡಿ ನೋಡಿ. ನೀರು ತೊಟ್ಟಿಕ್ಕಿದರೆ ಎಲೆ ಹಾಕಿ, ಪುಡಿ ಪುಡಿಯಾದರೆ ನೀರು ಚಿಮುಕಿಸಿ. ಒಂದೆರಡು ಹನಿ ಬಂದು ಮುದ್ದೆ ಹಾಗೇ ನಿಂತರೆ ಸರಿಯಾಗಿದೆ. ರಾಶಿ ದೊಡ್ಡದಿದ್ದರೆ ನಡುವೆ ಕೈ ಇಡಲಾಗದಷ್ಟು ಬಿಸಿಯಾಗುತ್ತದೆ, 55 ಡಿಗ್ರಿ ದಾಟುವುದುಂಟು. ಮಕ್ಕಳಿಗೆ ಇದನ್ನು ತೋರಿಸಿ, ಪಾಠ ಬೇಡ. ತೊಟ್ಟಿಯ ಪಕ್ಕ ಒಣ ಎಲೆಯ ಚೀಲ ಯಾವಾಗಲೂ ತುಂಬಿರಲಿ, ಅದು ಖಾಲಿಯಾದ ದಿನ ತೊಟ್ಟಿಗೆ ಬೀಗ ಹಾಕಿ ಅಂತ ನಾನು ಕಟ್ಟುನಿಟ್ಟಾಗಿ ಹೇಳುತ್ತೇನೆ.

ಉಳಿದ ಎಲೆ ಗಿಡದ ಬುಡಕ್ಕೆ. ನಾಲ್ಕು ಬೆರಳು ದಪ್ಪ ಹೊದಿಕೆ ಹಾಕಿದರೆ ತೇವ ಉಳಿಯುತ್ತದೆ, ಕಳೆ ತಗ್ಗುತ್ತದೆ, ಬಕೆಟ್ಟಿನ ಲೆಕ್ಕವೂ ಇಳಿಯುತ್ತದೆ. ಕಾಂಡಕ್ಕೆ ತಾಗದ ಹಾಗೆ ಬಳೆಯಂತೆ ಹಾಕಬೇಕು, ಗುಡ್ಡೆ ಮಾಡಬಾರದು.

ಪಾಳಿಯ ಪಟ್ಟಿ ಮಾಡುವಾಗ ಉತ್ಸಾಹಿ ಒಬ್ಬರೇ ಎಲ್ಲ ಹೊರುವಂತೆ ಮಾಡಬೇಡಿ. ಅವರಿಗೆ ಊರು ಬದಲಾದರೆ, ಮಂಡಿ ನೋವು ಬಂದರೆ ಪಾರ್ಕೂ ಕುಂಟುತ್ತದೆ. ದಿನಕ್ಕೆ ಇಬ್ಬರಂತೆ ಹೆಸರು ಹಾಕಿ, ನಲ್ಲಿಯ ಬೀಗಕ್ಕೆ ಮೂರು ಕೀಲಿ ಮಾಡಿಸಿ, ಮೂರು ಮನೆಯಲ್ಲಿಡಿ. ಹಿಂದೆ ಹೇಳಿದ ಸಿಮೆಂಟ್ ನೆಲದ ಜಾಗದಲ್ಲಿ ಒಂದು ಕೀಲಿ ಆ ಕಡ್ಡಿ ತೂರಿಸಿದ ಹುಡುಗನ ಮನೆಯಲ್ಲೇ ಇತ್ತು. ಮೂರನೇ ವರ್ಷ, ಸಸಿಗಳಿಗೆ ಆಸರೆಯಾಗಿ ಹಗ್ಗದಿಂದ ಕಟ್ಟಿದ್ದ ಊರುಗೋಲು ತೆಗೆಯಲು ಹೋಗಿದ್ದೆ. ನಿಜಕ್ಕೂ ಅದನ್ನು ಒಂದು ವರ್ಷಕ್ಕೇ ತೆಗೆಯಬೇಕಿತ್ತು, ನಾನೇ ತಡ ಮಾಡಿದ್ದೆ. ಹಗ್ಗ ತೊಗಟೆಯೊಳಗೆ ಹೂತುಹೋಗಿತ್ತು. ಅವನು ಚಾಕು ಕೊಡಿ ಅಂತ ಇಸ್ಕೊಂಡು, ತೊಗಟೆಗೆ ಗಾಯ ಮಾಡದೆ ಎಳೆ ಎಳೆಯಾಗಿ ಕತ್ತರಿಸಿ ತೆಗೆದ. ಮರ ಒಮ್ಮೆ ತೂಗಿ ನಿಂತಿತು. ನಾನು ಇನ್ನೊಂದು ಮರದ ಹತ್ತಿರ ಹೋಗುವಷ್ಟರಲ್ಲಿ ಅವನು ನಲ್ಲಿ ತಿರುಗಿಸಲು ಹೋಗಿದ್ದ.