ನಾಲ್ಕು ಸ್ವರಗಳನ್ನು ನಾಲ್ವರು ಸೇರಿ ಹುಡುಕುವುದು

ಮಂಗಳೂರಿನ ನನ್ನ ವಾದ್ಯವೃಂದ ತರಗತಿಗೆ ಕೆಲವು ಮಕ್ಕಳು ಇಗರ್ಜಿಯ ಗಾಯನ ಮಂಡಳಿಯಿಂದ ಬರುತ್ತಾರೆ, ಕೆಲವರು ಕರ್ನಾಟಕ ಸಂಗೀತದ ಪಿಟೀಲು ಪಾಠ ಮುಗಿಸಿ ಬರುತ್ತಾರೆ. ಹಾಡಿನ ಧಾಟಿಯನ್ನು ಇವರು ಥಟ್ಟನೆ ಹಿಡಿಯುತ್ತಾರೆ. ಆದರೆ ಮೋಟಿವ್, ಅಂದರೆ ಕೃತಿಯುದ್ದಕ್ಕೂ ರೂಪ ಬದಲಿಸುತ್ತ ಮರಳಿ ಬರುವ ಪುಟ್ಟ ಸ್ವರಗುಚ್ಛ, ಇವರ ಕಿವಿಗೆ ಅಷ್ಟು ಬೇಗ ಸಿಗುವುದಿಲ್ಲ. ಮೊದಲೆಲ್ಲ ನಾನು ಧ್ವನಿಮುದ್ರಿಕೆ ಹಾಕಿ, ‘ಇಗೋ ಇಲ್ಲಿದೆ’ ಎಂದು ತೋರಿಸುತ್ತಿದ್ದೆ. ಎಲ್ಲರೂ ತಲೆಯಾಡಿಸುತ್ತಿದ್ದರು; ಮುಂದಿನ ವಾರ ಬೇರೆ ಕೃತಿ ಕೊಟ್ಟರೆ ಯಾರಿಗೂ ಏನೂ ಕಾಣುತ್ತಿರಲಿಲ್ಲ. ಅದು ನನ್ನ ಬೋಧನಾ ಕ್ರಮದ ದೋಷವಾಗಿತ್ತು.

ಈಗ ಮೊದಲ ಪಿಟೀಲು, ಎರಡನೆಯ ಪಿಟೀಲು, ವಿಯೋಲ (ಪಿಟೀಲಿಗಿಂತ ತುಸು ದೊಡ್ಡದು, ದನಿ ತಗ್ಗು), ಚೆಲ್ಲೋ (ಇನ್ನೂ ದೊಡ್ಡದು, ದನಿ ಇನ್ನೂ ತಗ್ಗು) ನುಡಿಸುವ ಒಬ್ಬೊಬ್ಬರನ್ನು ಸೇರಿಸಿ ನಾಲ್ವರ ಗುಂಪು ಮಾಡುತ್ತೇನೆ. ಒಂದೇ ವಾದ್ಯದವರನ್ನು ಒಟ್ಟಿಗೆ ಕೂರಿಸಿದರೆ ಎಲ್ಲರ ಮುಂದೆಯೂ ಒಂದೇ ಹಾಳೆ ಇರುವುದರಿಂದ ಚರ್ಚೆಯೇ ಹುಟ್ಟುವುದಿಲ್ಲ. ಆರಂಭಕ್ಕೆ 1808ರಲ್ಲಿ ವಿಯೆನ್ನಾದಲ್ಲಿ ಮೊದಲ ಬಾರಿ ನುಡಿಸಲಾದ ಬೀಥೋವನ್‌ನ ಐದನೆಯ ಸಿಂಫನಿಯನ್ನೇ (ವಾದ್ಯವೃಂದಕ್ಕೆಂದು ರಚಿಸಿದ ದೀರ್ಘ ಕೃತಿ) ಆರಿಸುತ್ತೇನೆ. ಪಾಶ್ಚಾತ್ಯ ಸಂಗೀತದ ಸಿ ಸ್ವರವನ್ನು ಷಡ್ಜವೆಂದು ಇಟ್ಟುಕೊಂಡರೆ ಅದರ ಮೊದಲ ಮಾತು ‘ಪ ಪ ಪ ಗ’, ಮರುಮಾತು ‘ಮ ಮ ಮ ರಿ’: ಮೂರು ಗಿಡ್ಡ ಸ್ವರಗಳು, ಒಂದು ದೀರ್ಘ ಸ್ವರ. ಅದಕ್ಕೂ ಮುಂಚೆ ಒಂದು ಸಣ್ಣ ಮೌನವಿದೆ. ಅದನ್ನು ಎಣಿಸದವರು ಲಯವನ್ನೇ ತಪ್ಪಾಗಿ ಕೇಳುತ್ತಾರಾದ್ದರಿಂದ ಮೊದಲು ಚಪ್ಪಾಳೆಯಲ್ಲಿ ರೂಢಿ ಮಾಡಿಸುತ್ತೇನೆ.

ಅನಂತರ ಪ್ರತಿಯೊಬ್ಬರೂ ತಮ್ಮ ಪಾರ್ಟ್‌ನಲ್ಲಿ (ತಮ್ಮ ವಾದ್ಯದ ಸ್ವರಗಳಷ್ಟೇ ಇರುವ ಹಾಳೆಯಲ್ಲಿ) ಮೋಟಿವ್ ಕಂಡಲ್ಲೆಲ್ಲ ಪೆನ್ಸಿಲ್ ಗುರುತು ಹಾಕಬೇಕು. ಇಲ್ಲೊಂದು ತೊಡಕು ಏಳುತ್ತದೆ. ಪಿಟೀಲು ಪಾಠದಿಂದ ಬಂದ ಮಕ್ಕಳು ಸ್ವರ ಬದಲಾದ ಕೂಡಲೇ ಅದು ಬೇರೆಯದೆಂದು ಬಿಟ್ಟುಬಿಡುತ್ತಾರೆ. ‘ಏನು ಬದಲಾಯಿತು?’ ಎಂದು ಕೇಳುವುದಕ್ಕಿಂತ ‘ಏನು ಉಳಿಯಿತು?’ ಎಂದು ಕೇಳಿದಾಗ ಅವರಿಗೆ ಲಯದ ಅಚ್ಚು ಕಾಣತೊಡಗುತ್ತದೆ. ಆರನೆಯ ಬಾರಿನಲ್ಲಿ (ಬಾರ್ ಎಂದರೆ ಸ್ವರಲಿಪಿಯಲ್ಲಿ ಗೆರೆ ಎಳೆದು ವಿಂಗಡಿಸಿದ ತಾಳದ ಒಂದು ಘಟಕ) ಎರಡನೆಯ ಪಿಟೀಲು ‘ಪ ಪ ಪ ಗ’ ಎಂದು ನುಡಿಸಿ ಅಲ್ಲೇ ನಿಲ್ಲುತ್ತದೆ, ವಿಯೋಲ ‘ಧ ಧ ಧ ಪ’ ಎನ್ನುತ್ತದೆ, ಮೊದಲ ಪಿಟೀಲು ಮೇಲಿನಿಂದ ‘ಗ ಗ ಗ ಸ’ ಎಂದು ಸೇರಿಕೊಳ್ಳುತ್ತದೆ. ಮೂರೂ ಹಾಳೆಗಳನ್ನು ಪಕ್ಕಪಕ್ಕದಲ್ಲಿಟ್ಟು ನಿಧಾನವಾಗಿ ನುಡಿಸಿದಾಗ, ತಾವು ಒಂದೇ ರಾಗವೆಂದು ಕೇಳುತ್ತಿದ್ದುದು ಮೂವರ ಕೈಯಿಂದ ಕೈಗೆ ದಾಟುತ್ತಿದ್ದ ನಾಲ್ಕು ಸ್ವರಗಳೆಂದು ಮಕ್ಕಳಿಗೆ ತಿಳಿಯುತ್ತದೆ. ಒಬ್ಬರ ಹಾಳೆಯಲ್ಲಿ ಇದು ಪೂರ್ತಿಯಾಗಿ ಕಾಣುವಂತೆಯೇ ಇಲ್ಲ. ಗುಂಪಿನ ಕೆಲಸಕ್ಕೆ ನಾನು ಇಷ್ಟು ಒತ್ತು ಕೊಡುವುದು ಇದಕ್ಕಾಗಿಯೇ.

ಹೆಚ್ಚು ವಾದ ನಡೆಯುವುದು 59ನೆಯ ಬಾರಿನ ಹಾರ್ನ್ (ಊದಿ ನುಡಿಸುವ ಹಿತ್ತಾಳೆಯ ವಾದ್ಯ) ಕರೆಯ ಮೇಲೆ: ‘ನಿ ನಿ ನಿ ಗ ಮ ನಿ’. ಗಿಡ್ಡ ಸ್ವರಗಳು ಮೂರೂ ಇವೆ, ಆದರೆ ಕೊನೆ ಉದ್ದವಾಗಿದೆ, ನಡಿಗೆಯೂ ಬೇರೆ. ಇದು ಅದೇ ಮೋಟಿವೇ ಅಲ್ಲವೇ ಎಂಬುದಕ್ಕೆ ನಾನು ಅಂದೇ ತೀರ್ಪು ಕೊಡುವುದಿಲ್ಲ. ಆ ಕರೆಯ ಬೆನ್ನಿಗೆ ಪಿಟೀಲುಗಳಲ್ಲಿ ಮೃದುವಾದ ಹೊಸ ರಾಗ ತೊಡಗುತ್ತದೆ, ಎಲ್ಲರ ಗಮನವೂ ಅತ್ತ ಹೋಗುತ್ತದೆ. ಹೋದ ವರ್ಷ ಅಷ್ಟು ಹೊತ್ತೂ ಸುಮ್ಮನೆ ಕೂತಿದ್ದ ಚೆಲ್ಲೋ ಹುಡುಗಿ ತನ್ನ ಹಾಳೆಯ ಮೇಲೆ ಬೆರಳಿಟ್ಟು, “ಸರ್, ಕೆಳಗೆ ನಾವು ಇನ್ನೂ ಅದನ್ನೇ ನುಡಿಸುತ್ತಿದ್ದೇವಲ್ಲ” ಎಂದಳು. ಉಳಿದ ಮೂವರೂ ಅವಳ ಹಾಳೆಯತ್ತ ಬಾಗಿದರು.