ಪದ ಪರಿಚಯ: ಟೀವಿ ಸ್ಟೇಷನ್ನಿನ ಟೇಪು ಮತ್ತು ‘ಫಾರ್ಮ್ಯಾಟ್’ ಅನ್ನುವ ಮಾತು

ಒಂದು ಬೀಟಾಮ್ಯಾಕ್ಸ್ ಕ್ಯಾಸೆಟ್, ಪಕ್ಕದಲ್ಲಿ ಒಂದು ಚಿಕ್ಕ ಬೀಟಾಕ್ಯಾಮ್ ಕ್ಯಾಸೆಟ್. ನೋಡಲು ಅವಳಿ ಮಕ್ಕಳು. ಡಬ್ಬಿಯ ಅಳತೆ ಒಂದೇ. ಒಳಗಿನ ಟೇಪಿನ ಅಗಲವೂ ಒಂದೇ, ಅರ್ಧ ಇಂಚು. ಎರಡೂ ಸೋನಿಯವೇ. ಆದರೆ ಮೊದಲನೆಯದು ಮನೆಯಲ್ಲಿ ಟೀವಿ ಕಾರ್ಯಕ್ರಮ ಹಿಡಿದಿಟ್ಟುಕೊಳ್ಳುವವರಿಗೆ ಬಂದದ್ದು. ಎರಡನೆಯದು ಟೀವಿ ಸ್ಟೇಷನ್ನಿನವರ ದಿನನಿತ್ಯದ ಕೆಲಸದ ಟೇಪಾಗಿತ್ತು. ಒಂದರಲ್ಲಿ ರೆಕಾರ್ಡ್ ಮಾಡಿದ್ದನ್ನು ಇನ್ನೊಂದರ ಮಶೀನಿಗೆ ಹಾಕಿದರೆ ಸರಿಯಾದ ಚಿತ್ರ ಬರುವುದಿಲ್ಲ. ಡಬ್ಬಿ ಒಂದೇ, ಟೇಪಿನ ಅಗಲ ಒಂದೇ. ಹಾಗಾದರೆ ಬೇರೆ ಇರುವುದು ಏನು?

ಬೇರೆ ಇರುವುದು ಫಾರ್ಮ್ಯಾಟ್. ಈ ಪದವನ್ನು ಕೇಳಿದಾಗ ನಾವು ಸಾಮಾನ್ಯವಾಗಿ ಡಬ್ಬಿಯ ಆಕಾರವನ್ನೋ ಕಂಪನಿಯ ಹೆಸರನ್ನೋ ನೆನೆಯುತ್ತೇವೆ. ನಿಜವಾಗಿ ಅದು ಗೆರೆಗಳ ಲೆಕ್ಕ. ಟೇಪಿನ ಮೇಲೆ ಕಣ್ಣಿಗೆ ಕಾಣದ ಕಾಂತದ ಗೆರೆಗಳಿರುತ್ತವೆ, ಟ್ರ್ಯಾಕ್ ಅನ್ನುವುದು ಇವಕ್ಕೇ. ಗೆರೆ ಎಷ್ಟು ಅಗಲ, ಎಷ್ಟು ಉದ್ದ, ಯಾವ ಕೋನದಲ್ಲಿ, ಎಷ್ಟು ವೇಗದಲ್ಲಿ, ಒಂದು ಗೆರೆಯಲ್ಲಿ ಚಿತ್ರದ ಎಷ್ಟು ಭಾಗ, ಬಣ್ಣ ಎಲ್ಲಿ, ಧ್ವನಿ ಎಲ್ಲಿ. ಇಷ್ಟನ್ನೂ ಮೊದಲೇ ಒಪ್ಪಿಕೊಂಡಿದ್ದರೆ ಮಾತ್ರ ಒಂದು ಮಶೀನು ಬರೆದದ್ದನ್ನು ಇನ್ನೊಂದು ಓದುತ್ತದೆ. ಆ ಒಪ್ಪಂದವೇ ಫಾರ್ಮ್ಯಾಟ್.

ಅನಲಾಗ್ ಅನ್ನುವುದೂ ಸರಳವೇ. ಡಿಜಿಟಲ್ ಟೇಪಿನಲ್ಲಿ ಚಿತ್ರ ಅಂಕಿಗಳಾಗಿ ಕೂತಿರುತ್ತದೆ. ಅನಲಾಗ್ ಟೇಪಿನಲ್ಲಿ ಅಂಕಿ ಇಲ್ಲ. ಚಿತ್ರದ ಬೆಳಕು ಏರಿದ ಹಾಗೆ ಸಿಗ್ನಲ್ ಏರುತ್ತದೆ, ಇಳಿದ ಹಾಗೆ ಇಳಿಯುತ್ತದೆ. ಸಿಗ್ನಲ್ಲು ಚಿತ್ರದ ನೆರಳಿನ ಹಾಗೆ ಜೊತೆಜೊತೆಗೇ ಓಡುತ್ತದೆ. ಹಾಗಾಗಿ ಟೇಪಿಗೆ ಏನಾದರೂ ಆದರೆ ಅದು ನೇರವಾಗಿ ಚಿತ್ರಕ್ಕೇ ಆಗುತ್ತದೆ.

ಇನ್ನು ಚಿತ್ರವನ್ನು ಟೇಪಿನಲ್ಲಿ ಬರೆಯುವುದು ಯಾಕೆ ಅಷ್ಟು ಕಷ್ಟವಾಯಿತು ನೋಡೋಣ. ನಮ್ಮ ಕಿವಿಗೆ ಕೇಳುವ ಧ್ವನಿ ಜಾಸ್ತಿ ಅಂದರೆ ಸೆಕೆಂಡಿಗೆ 20,000 ಸಲ ಕಂಪಿಸುತ್ತದೆ. ಟೀವಿ ಚಿತ್ರದ ಸಿಗ್ನಲ್ಲು ಸುಮಾರು 50 ಲಕ್ಷ ಸಲ. ಅಂದರೆ 250 ಪಟ್ಟು. ಇಷ್ಟು ವಿವರ ಟೇಪಿನ ಮೇಲೆ ಹಿಡಿಸಬೇಕಾದರೆ ಟೇಪು ಹೆಡ್ಡಿನ ಮುಂದೆ ಅಷ್ಟೇ ಜೋರಾಗಿ ಓಡಬೇಕು. ಹೆಡ್ ಅಂದರೆ ಟೇಪಿನ ಮೇಲೆ ಬರೆಯುವ, ಓದುವ ಪುಟ್ಟ ವಿದ್ಯುತ್ಕಾಂತ.

ಮೊದಲು ಹೊಳೆದದ್ದು ನೇರ ದಾರಿಯೇ: ಟೇಪನ್ನು ಓಡಿಸಿಬಿಡೋಣ. ಬಿಬಿಸಿಯ ಇಂಜಿನಿಯರುಗಳು 1952ರಲ್ಲಿ ಶುರುಮಾಡಿ ವೆರಾ ಎಂಬ ಮಶೀನು ಕಟ್ಟಿದರು. ಅದರಲ್ಲಿ ಟೇಪು ಸೆಕೆಂಡಿಗೆ 200 ಇಂಚು, ಅಂದರೆ ಐದು ಮೀಟರಿಗೂ ಜಾಸ್ತಿ ಓಡುತ್ತಿತ್ತು. ಅರ್ಧ ಮೀಟರ್ ಅಗಲದ ರೀಲು ಹಾಕಿದರೂ ಸಿಗುತ್ತಿದ್ದದ್ದು 15 ನಿಮಿಷ. ಆ ಹದಿನೈದು ನಿಮಿಷಕ್ಕೆ ನಾಲ್ಕೂವರೆ ಕಿಲೋಮೀಟರ್ ಟೇಪು! ಓಡುವ ಟೇಪು ತುಂಡಾದರೆ ಏನಾಗುತ್ತದೆ ಎಂದು ನೀವೇ ಊಹಿಸಿಕೊಳ್ಳಿ. 1958ರಲ್ಲಿ ಜನರ ಮುಂದೆ ಪ್ರದರ್ಶನವೇನೋ ಆಯಿತು. ಆದರೆ ಅಷ್ಟರಲ್ಲಿ ಅಮೆರಿಕದಲ್ಲಿ ಬೇರೆ ಉತ್ತರ ಸಿಕ್ಕಿಬಿಟ್ಟಿತ್ತು.

ಅಮೆರಿಕಕ್ಕೆ ಆತುರ ಇದ್ದದ್ದು ಗಡಿಯಾರದಿಂದ. ನ್ಯೂಯಾರ್ಕಿನಲ್ಲಿ ಸಂಜೆ ಏಳಾದಾಗ ಲಾಸ್ ಏಂಜಲೀಸ್‌ನಲ್ಲಿ ಇನ್ನೂ ನಾಲ್ಕು. ಪೂರ್ವದಲ್ಲಿ ನೇರ ಪ್ರಸಾರವಾದದ್ದನ್ನು ಪಶ್ಚಿಮದಲ್ಲಿ ಮೂರು ಗಂಟೆ ಬಿಟ್ಟು ತೋರಿಸಬೇಕು. ಅದಕ್ಕೆ ಮಾಡುತ್ತಿದ್ದದ್ದು ಕಿನೆಸ್ಕೋಪ್. ಟೀವಿ ಪರದೆಯ ಮುಂದೆ ಫಿಲ್ಮ್ ಕ್ಯಾಮೆರಾ ಇಟ್ಟು ಶೂಟ್ ಮಾಡುವುದು, ಗಡಿಬಿಡಿಯಲ್ಲಿ ಫಿಲ್ಮ್ ತೊಳೆಯುವುದು, ಓಡಿಸುವುದು. ಖರ್ಚು ವಿಪರೀತ, ಚಿತ್ರವೋ ಮಬ್ಬು.

ಕ್ಯಾಲಿಫೋರ್ನಿಯಾದ ಆ್ಯಂಪೆಕ್ಸ್ ಕಂಪನಿಯ ಒಂದು ಸಣ್ಣ ತಂಡ ಪ್ರಶ್ನೆಯನ್ನೇ ತಿರುಗಿಸಿತು. ಟೇಪು ಯಾಕೆ ಓಡಬೇಕು? ಹೆಡ್ಡೇ ಓಡಲಿ. ಚಾರ್ಲ್ಸ್ ಗಿನ್ಸ್‌ಬರ್ಗ್ ಈ ತಂಡದ ಮುಂದಾಳು. ಆಗಿನ್ನೂ ಕಾಲೇಜು ಹುಡುಗನಾಗಿದ್ದ ರೇ ಡಾಲ್ಬಿಯೂ ಅಲ್ಲಿದ್ದ. ಹೌದು, ಇವತ್ತು ಥಿಯೇಟರಿನಲ್ಲಿ ಕಾಣುವ ಡಾಲ್ಬಿ ಹೆಸರು ಅವನದೇ. ಇವರು ಎರಡು ಇಂಚು ಅಗಲದ ಟೇಪು ತಗೊಂಡರು. ಅದನ್ನು ಸೆಕೆಂಡಿಗೆ 15 ಇಂಚಿನಂತೆ ನಿಧಾನವಾಗಿ ಬಿಟ್ಟರು. ಒಂದು ಪುಟ್ಟ ಚಕ್ರದ ಅಂಚಿನಲ್ಲಿ ನಾಲ್ಕು ಹೆಡ್ ಕೂರಿಸಿ, ಅದನ್ನು ನಿಮಿಷಕ್ಕೆ 14,400 ಸುತ್ತು ತಿರುಗಿಸಿದರು. ಹೆಡ್ಡುಗಳು ಟೇಪಿನ ಅಗಲಕ್ಕೆ ಅಡ್ಡಲಾಗಿ, ಒಂದರ ಹಿಂದೆ ಒಂದು ಗೆರೆ ಎಳೆಯುತ್ತಾ ಹೋದವು. ಟೇಪು ಅಷ್ಟು ನಿಧಾನ ಇದ್ದರೂ ಹೆಡ್ ಅದರ ಮೇಲೆ ಹಾಯುವ ವೇಗ ಗಂಟೆಗೆ ಸುಮಾರು 140 ಕಿಲೋಮೀಟರ್. ನಾಲ್ಕು ಹೆಡ್ ಇದ್ದದ್ದರಿಂದ ಇದಕ್ಕೆ ಕ್ವಾಡ್ರುಪ್ಲೆಕ್ಸ್ ಎಂದು ಹೆಸರಾಯಿತು. ಕೆಲಸದವರ ಬಾಯಲ್ಲಿ ಬರೀ ಕ್ವಾಡ್.

ವೇಗ ಒಂದೇ ಸಾಲಲಿಲ್ಲ. ಟೇಪಿನಿಂದ ಓದುವಾಗ ಕಡಿಮೆ ಕಂಪನಗಳು ತೀರಾ ಸಣ್ಣಗೆ, ಹೆಚ್ಚಿನವು ಜೋರಾಗಿ ಬರುತ್ತವೆ. ಚಿತ್ರದ ಸಿಗ್ನಲ್ಲಿನಲ್ಲಿ ಸೆಕೆಂಡಿಗೆ ಹತ್ತಾರು ಕಂಪನದಿಂದ ಹಿಡಿದು ಲಕ್ಷಗಟ್ಟಲೆ ಕಂಪನದವರೆಗೆ ಎಲ್ಲವೂ ಇವೆ. ಅಷ್ಟು ದೊಡ್ಡ ಹರವನ್ನು ಟೇಪು ನೇರವಾಗಿ ತಾಳಲಾರದು. ಅದಕ್ಕೆ ಎಫ್‌ಎಂ ರೇಡಿಯೋದ ಉಪಾಯವನ್ನೇ ಎರವಲು ತಂದರು. ಕಪ್ಪಿಗೆ ಒಂದು ಕಂಪನ, ಬಿಳಿಗೆ ಅದಕ್ಕಿಂತ ಹೆಚ್ಚಿನ ಕಂಪನ, ನಡುವಿನ ಬೂದು ಬಣ್ಣಗಳಿಗೆ ನಡುವಿನವು. ಮುಂದೆ ಬಂದ ಅನಲಾಗ್ ವಿಡಿಯೋ ಟೇಪುಗಳೆಲ್ಲ ಈ ಉಪಾಯವನ್ನೇ ಹಿಡಿದವು. ನನ್ನ ಲೆಕ್ಕದಲ್ಲಿ ತಿರುಗುವ ಹೆಡ್ಡಿಗಿಂತ ಇದೇ ಜಾಣ ಕೆಲಸ. ಆದರೆ ಕಣ್ಣಿಗೆ ಕಾಣುವುದಿಲ್ಲ, ಹೊಗಳಿಕೆಯೆಲ್ಲ ತಿರುಗುವ ಚಕ್ರಕ್ಕೆ ಹೋಯಿತು.

1956ರ ಏಪ್ರಿಲ್‌ನಲ್ಲಿ ಶಿಕಾಗೋದಲ್ಲಿ ಪ್ರಸಾರಕರ ಸಮ್ಮೇಳನ. ಅಮೆರಿಕದ ಟೀವಿ ನೆಟ್‌ವರ್ಕ್ ಸಿಬಿಎಸ್‌ನ ಬಳಗದವರ ಸಭೆಯಲ್ಲಿ ಒಬ್ಬರು ಮಾತಾಡುತ್ತಿದ್ದಾಗ ಆ್ಯಂಪೆಕ್ಸ್ ಮಶೀನು ಮರೆಯಲ್ಲಿ ನಿಂತು ಅದನ್ನೆಲ್ಲ ರೆಕಾರ್ಡ್ ಮಾಡಿತು. ಮಾತು ಮುಗಿಯಿತು. ಅದೇ ಭಾಷಣ ಮತ್ತೆ ಮಾನಿಟರಿನಲ್ಲಿ ಬಂತು. ಅರೆಗಳಿಗೆ ಎಲ್ಲರೂ ಸುಮ್ಮನಾದರು, ಆಮೇಲೆ ಚಪ್ಪಾಳೆ. ಅದೇ ವರ್ಷ ನವೆಂಬರ್ 30ರಂದು ಸಿಬಿಎಸ್ ನ್ಯೂಯಾರ್ಕಿನ ಸಂಜೆ ವಾರ್ತೆಯನ್ನು ಹಾಲಿವುಡ್‌ನಲ್ಲಿ ಟೇಪಿಗಿಳಿಸಿ, ಪಶ್ಚಿಮದವರಿಗೆ ತಡವಾಗಿ ತೋರಿಸಿತು. ಗಡಿಯಾರದ ಸಮಸ್ಯೆ ಅಲ್ಲಿಗೆ ಬಗೆಹರಿಯಿತು.

ಫಾರ್ಮ್ಯಾಟಿನ ಸಮಸ್ಯೆ ಮಾತ್ರ ಆಗ ಶುರುವಾಯಿತು. ಮೊದಮೊದಲ ಕ್ವಾಡ್ ಟೇಪುಗಳನ್ನು ಯಾವ ಹೆಡ್ಡಿನಿಂದ ಬರೆದಿದ್ದರೋ ಅದೇ ಹೆಡ್ಡಿನಿಂದಲೇ ಓದಬೇಕಿತ್ತು. ಕೂದಲೆಳೆಯಷ್ಟು ವ್ಯತ್ಯಾಸವಾದರೂ ಚಿತ್ರ ಪಟ್ಟಿಪಟ್ಟಿಯಾಗಿ ಸೀಳುತ್ತಿತ್ತು. ಅಂದರೆ ಮಶೀನು ಇತ್ತು, ಒಪ್ಪಂದ ಇನ್ನೂ ಪೂರ್ತಿ ಆಗಿರಲಿಲ್ಲ. ಯಾವ ಮಶೀನಿನ ಟೇಪಾದರೂ ಯಾವ ಮಶೀನಿನಲ್ಲಾದರೂ ಓಡಬೇಕು ಎಂದಾದ ಮೇಲೆ ಕ್ವಾಡ್ ನಿಜವಾದ ಫಾರ್ಮ್ಯಾಟ್ ಆಯಿತು.

ಅದರೊಡನೆ ಏಗುವುದು ಸುಲಭವಿರಲಿಲ್ಲ. ಒಂದು ಗಂಟೆಯ ಟೇಪು ಅಂದರೆ ಸುಮಾರು 1,370 ಮೀಟರ್, ರೀಲು ಎತ್ತಲು ಎರಡೂ ಕೈ ಬೇಕು. ಹೆಡ್ಡುಗಳು ಬೇಗ ಸವೆಯುತ್ತಿದ್ದವು. ಎಡಿಟಿಂಗ್ ಅಂತೂ ಬ್ಲೇಡಿನ ಕೆಲಸ. ಗೆರೆಗಳು ಕಣ್ಣಿಗೆ ಕಾಣಲಿ ಎಂದು ಕಬ್ಬಿಣದ ನುಣ್ಣನೆ ಪುಡಿ ಕಲಸಿದ ದ್ರವ ಹಚ್ಚುತ್ತಿದ್ದರು. ಸೂಕ್ಷ್ಮದರ್ಶಕದಲ್ಲಿ ನೋಡಿ, ಎರಡು ಗೆರೆಗಳ ನಡುವೆ ಕತ್ತರಿಸಿ, ಅಂಟಿಸುತ್ತಿದ್ದರು. ಸಾಲದ್ದಕ್ಕೆ ಧ್ವನಿಯ ಹೆಡ್ ಬೇರೆ ಜಾಗದಲ್ಲಿ. ಚಿತ್ರವನ್ನು ಕತ್ತರಿಸಿದ ಜಾಗದಲ್ಲಿ ಅದಕ್ಕೆ ಸೇರಿದ ಧ್ವನಿ ಇರುತ್ತಿರಲಿಲ್ಲ, ಅರ್ಧ ಸೆಕೆಂಡಿಗೂ ಜಾಸ್ತಿ ಆಚೆಗಿರುತ್ತಿತ್ತು.

ಇಷ್ಟು ದುಬಾರಿಯಾದ ಟೇಪನ್ನು ಯಾರು ಸುಮ್ನೆ ಕಪಾಟಿನಲ್ಲಿ ಇಡುತ್ತಾರೆ? ಅಳಿಸಿ ಮತ್ತೆ ಬಳಸಿದರು. ಬಿಬಿಸಿಯ ‘ಡಾಕ್ಟರ್ ಹೂ’ ಧಾರಾವಾಹಿಯ 1960ರ ದಶಕದ ತೊಂಬತ್ತಕ್ಕೂ ಹೆಚ್ಚು ಕಂತುಗಳು ಇವತ್ತಿಗೂ ಕಾಣೆ. 1967ರ ಜನವರಿಯಲ್ಲಿ ನಡೆದ ಅಮೆರಿಕನ್ ಫುಟ್‌ಬಾಲಿನ ಮೊದಲ ಸೂಪರ್ ಬೌಲ್ ಪಂದ್ಯವನ್ನು ಎರಡು ನೆಟ್‌ವರ್ಕುಗಳು ತೋರಿಸಿದ್ದವು, ಎರಡೂ ತಮ್ಮ ಟೇಪು ಉಳಿಸಿಕೊಳ್ಳಲಿಲ್ಲ. ಆಗ ಟೇಪಿಗೆ ಬೆಲೆ ಇತ್ತು, ಅದರಲ್ಲಿದ್ದದ್ದಕ್ಕೆ ಇರಲಿಲ್ಲ.

ಕ್ವಾಡಿನ ದೊಡ್ಡ ಕೊರತೆ ಇನ್ನೊಂದು. ಟೀವಿ ಚಿತ್ರ ಒಂದರ ಕೆಳಗೊಂದು ಬರುವ ನೂರಾರು ಅಡ್ಡ ಸಾಲುಗಳಿಂದ ಆಗುತ್ತದೆ, ಸ್ಕ್ಯಾನ್ ಲೈನ್ ಅನ್ನುವುದು ಇವಕ್ಕೇ. ಕ್ವಾಡಿನ ಒಂದು ಅಡ್ಡ ಗೆರೆಯಲ್ಲಿ ಹಿಡಿಸುತ್ತಿದ್ದದ್ದು ಸುಮಾರು 16. ಒಂದೇ ಒಂದು ಚಿತ್ರ ಹತ್ತಾರು ಗೆರೆಗಳಲ್ಲಿ ಹಂಚಿಹೋಗುತ್ತಿತ್ತು. ಟೇಪು ನಿಲ್ಲಿಸಿದರೆ ಚಿತ್ರದ ಒಂದು ಚೂರಷ್ಟೇ ಹೆಡ್ಡಿಗೆ ಸಿಗುತ್ತದೆ. ಹಾಗಾಗಿ ನಿಂತ ಚಿತ್ರ ಇಲ್ಲ, ಸ್ಲೋ ಮೋಷನ್ ಇಲ್ಲ.

ಇದಕ್ಕೆ ಉತ್ತರ ಓರೆ ಗೆರೆ. ಒಂದು ಸೀಸೆ ತಗೊಳ್ಳಿ. ಕಾಗದದ ಉದ್ದನೆ ಪಟ್ಟಿಯನ್ನು ಅದಕ್ಕೆ ಸ್ವಲ್ಪ ಓರೆಯಾಗಿ ಸುತ್ತಿ. ಈಗ ಪೆನ್ನನ್ನು ಅಲ್ಲಾಡಿಸದೆ ಹಿಡಿದು ಸೀಸೆಯನ್ನು ಒಂದು ಸುತ್ತು ತಿರುಗಿಸಿ. ಪಟ್ಟಿ ಬಿಚ್ಚಿ ನೋಡಿದರೆ ಗೆರೆ ಓರೆಯಾಗಿ, ಪಟ್ಟಿಯ ಅಗಲಕ್ಕಿಂತ ಎಷ್ಟೋ ಪಟ್ಟು ಉದ್ದಕ್ಕೆ ಬಿದ್ದಿರುತ್ತದೆ. ಇದೇ ಹೆಲಿಕಲ್ ಸ್ಕ್ಯಾನ್. ಸೀಸೆಯ ಜಾಗದಲ್ಲಿ ಡ್ರಮ್, ಪೆನ್ನಿನ ಜಾಗದಲ್ಲಿ ಹೆಡ್. ಜಪಾನಿನ ತೋಷಿಬಾದಲ್ಲಿ ನೊರಿಕಾಜು ಸವಜಾಕಿ, ಜರ್ಮನಿಯ ಟೆಲಿಫುಂಕನ್‌ನಲ್ಲಿ ಎಡುವಾರ್ಡ್ ಶುಲ್ಲರ್ ಈ ಯೋಚನೆಯನ್ನು 1950ರ ದಶಕದಲ್ಲೇ ಮಾಡಿದ್ದರು. ಆದರೆ ಉದ್ದ ಗೆರೆಯ ತುಂಬಾ ವೇಗ ಒಂದೇ ಸಮ ಇರುವುದು ಕಷ್ಟ. ಚಿತ್ರ ನಡುಗುತ್ತಿತ್ತು. ಪ್ರಸಾರಕ್ಕೆ ಆಗುವಷ್ಟು ಸ್ಥಿರವಾದದ್ದು 1970ರ ದಶಕದಲ್ಲಿ ಟೈಮ್ ಬೇಸ್ ಕರೆಕ್ಟರ್ ಎಂಬ ಪೆಟ್ಟಿಗೆ ಬಂದ ಮೇಲೆ. ತಡವಾಗಿ ಬಂದ ಸ್ಕ್ಯಾನ್ ಲೈನು, ಬೇಗ ಬಂದ ಸ್ಕ್ಯಾನ್ ಲೈನು ಎಲ್ಲವನ್ನೂ ಗಳಿಗೆ ಹೊತ್ತು ಹಿಡಿದಿಟ್ಟು, ಸರಿಯಾದ ತಾಳಕ್ಕೆ ಬಿಡುವುದೇ ಅದರ ಕೆಲಸ.

ಆಮೇಲೆ ಒಂದು ಇಂಚಿನ ಟೇಪುಗಳ ಕಾಲ. ಆ್ಯಂಪೆಕ್ಸ್ ಮತ್ತು ಸೋನಿ ಸೇರಿ 1976ರಲ್ಲಿ ತಂದದ್ದು ಟೈಪ್ ಸಿ. ಇದರಲ್ಲಿ ಒಂದು ಗೆರೆ ಸುಮಾರು 40 ಸೆಂಟಿಮೀಟರ್ ಉದ್ದ, ಅದರಲ್ಲಿ ಒಂದು ಇಡೀ ಫೀಲ್ಡ್, ಅಂದರೆ ಅರ್ಧ ಫ್ರೇಮ್. ಫ್ರೇಮ್ ಅಂದರೆ ಒಂದು ಪೂರ್ತಿ ಚಿತ್ರ. ಟೇಪು ನಿಲ್ಲಿಸಿದರೂ ಪರದೆಯ ಮೇಲೆ ಚಿತ್ರ ಉಳಿಯುತ್ತದೆ. ಇಲ್ಲೊಂದು ಸೊಗಸಾದ ತೊಡಕಿದೆ. ಟೇಪು ನಿಂತಾಗ ಗೆರೆಯ ಓರೆಗೂ ಹೆಡ್ಡಿನ ದಾರಿಗೂ ಸ್ವಲ್ಪ ತಾಳ ತಪ್ಪುತ್ತದೆ. ಅದಕ್ಕೆ ಹೆಡ್ಡನ್ನು ವಿದ್ಯುತ್ತಿಗೆ ಬಾಗುವ ಒಂದು ಪಟ್ಟಿಯ ಮೇಲೆ ಕೂರಿಸಿದರು. ಸೆಕೆಂಡಿಗೆ ಐವತ್ತು ಅರವತ್ತು ಸುತ್ತು ಹಾಕುತ್ತಲೇ ಅದು ಬಾಗಿ ಬಾಗಿ ಗೆರೆಯನ್ನು ಹಿಂಬಾಲಿಸುತ್ತದೆ. ಆಟದ ಸ್ಲೋ ಮೋಷನ್‌ಗಳ ಹಿಂದೆ ಈ ಬಾಗುವ ಹೆಡ್ ಇತ್ತು. ಜರ್ಮನಿಯ ಬಾಷ್ ಕಂಪನಿಯ ಟೈಪ್ ಬಿ ಕೂಡ ಒಂದು ಇಂಚಿನದೇ, ಚಿತ್ರವೂ ಚೆನ್ನ. ಆದರೆ ಅದು ಫೀಲ್ಡನ್ನು ತುಂಡು ಮಾಡಿ ಹಲವು ಗೆರೆಗಳಲ್ಲಿ ಬರೆಯುತ್ತಿತ್ತು. ಚಿತ್ರ ನಿಲ್ಲಿಸಲು ಬೇರೆ ಉಪಕರಣ ಬೇಕಿತ್ತು.

ಇವೆಲ್ಲ ರೀಲುಗಳು, ಸ್ಟುಡಿಯೋ ಬಿಟ್ಟು ಸುಲಭಕ್ಕೆ ಕದಲವು. ಹೊರಗಿನ ಸುದ್ದಿಯನ್ನು ಹಿಡಿದು ತಂದದ್ದು ಯು-ಮ್ಯಾಟಿಕ್. 1971ರಲ್ಲಿ ಸೋನಿ ಮಾರುಕಟ್ಟೆಗೆ ತಂದ ಮುಕ್ಕಾಲು ಇಂಚಿನ ಕ್ಯಾಸೆಟ್ ಅದು. ಮಶೀನಿನೊಳಗೆ ಟೇಪು ಡ್ರಮ್ಮನ್ನು ಯು ಅಕ್ಷರದ ಹಾಗೆ ಸುತ್ತುವುದರಿಂದ ಆ ಹೆಸರು. ಫಿಲ್ಮ್ ತೊಳೆಯುವ ಹೊತ್ತು ಉಳಿಯಿತು, ಮಧ್ಯಾಹ್ನದ ಘಟನೆ ಸಂಜೆ ವಾರ್ತೆಗೆ ಸಿಕ್ಕಿತು. ಬಣ್ಣವನ್ನು ಕೆಳಗಿನ ಕಂಪನಕ್ಕೆ ಇಳಿಸಿ ತುರುಕುತ್ತಿದ್ದರಿಂದ ಚಿತ್ರ ಅಷ್ಟಕ್ಕಷ್ಟೇ.

ಈಗ ಮೊದಲಿನ ಅವಳಿ ಕ್ಯಾಸೆಟ್ಟಿಗೆ ವಾಪಸ್ ಬರೋಣ. 1982ರಲ್ಲಿ ಬಂದ ಬೀಟಾಕ್ಯಾಮ್ ಬೀಟಾಮ್ಯಾಕ್ಸಿನ ಡಬ್ಬಿಯನ್ನೇ ತಗೊಂಡು ಎರಡು ಬದಲಾವಣೆ ಮಾಡಿತು. ಒಂದು, ಟೇಪನ್ನು ಐದಾರು ಪಟ್ಟು ಜೋರಾಗಿ ಓಡಿಸಿತು. ಮನೆಯಲ್ಲಿ ಗಂಟೆಗಟ್ಟಲೆ ಓಡುವ ಟೇಪು ಇಲ್ಲಿ ಇಪ್ಪತ್ತು ಮೂವತ್ತು ನಿಮಿಷಕ್ಕೆ ಮುಗಿಯುತ್ತದೆ. ಎರಡು, ಬೆಳಕು ಮತ್ತು ಬಣ್ಣವನ್ನು ಬೇರೆ ಬೇರೆ ಗೆರೆಗಳಲ್ಲಿ ಬರೆಯಿತು. ಇದಕ್ಕೆ ಕಾಂಪೊನೆಂಟ್ ಎನ್ನುತ್ತಾರೆ. ಅದಕ್ಕೂ ಹಿಂದಿನ ಕ್ವಾಡ್, ಟೈಪ್ ಸಿ ಎಲ್ಲ ಕಾಂಪೊಸಿಟ್. ಅಲ್ಲಿ ಬೆಳಕು ಬಣ್ಣ ಎರಡೂ ಒಂದೇ ಸಿಗ್ನಲ್ಲಿನಲ್ಲಿ ಬೆರೆತಿರುತ್ತವೆ. ಬೆರೆತದ್ದನ್ನು ಬೇರ್ಪಡಿಸುವಾಗ ಸ್ವಲ್ಪ ಇದರದ್ದು ಅದಕ್ಕೆ ಹತ್ತುತ್ತದೆ. ಬೆರೆಸದೇ ಇದ್ದರೆ ಆ ಕಾಟವೇ ಇಲ್ಲ. ಕ್ಯಾಮೆರಾ ಮತ್ತು ರೆಕಾರ್ಡರ್ ಒಂದೇ ಆಗಿ ಹೆಗಲೇರಿದ್ದೂ ಆಗಲೇ. 1986ರಲ್ಲಿ ಲೋಹದ ಪುಡಿ ಲೇಪಿಸಿದ ಟೇಪಿನ ಬೀಟಾಕ್ಯಾಮ್ ಎಸ್‌ಪಿ ಬಂತು. ದೊಡ್ಡ ಕ್ಯಾಸೆಟ್ಟಿನಲ್ಲಿ 90 ನಿಮಿಷ ಹಿಡಿಸಿತು. ಪ್ಯಾನಾಸೋನಿಕ್ ಕಡೆಯ ಎಂ ಮತ್ತು ಎಂ-2 ಫಾರ್ಮ್ಯಾಟುಗಳು ಇದಕ್ಕೆ ಎದುರು ನಿಂತವು, ಹೆಚ್ಚು ದಿನ ನಿಲ್ಲಲಿಲ್ಲ. 1993ರ ಡಿಜಿಟಲ್ ಬೀಟಾಕ್ಯಾಮ್‌ನಿಂದ ಈ ಕ್ಯಾಸೆಟ್ಟಿಗೂ ಅಂಕಿಗಳ ಕಾಲ.

ಹಾಗಾದರೆ ‘ಪ್ರೊಫೆಷನಲ್’ ಅಂದರೆ ಬರೀ ಬೆಲೆಯೇ? ಅಲ್ಲ. ಅನಲಾಗಿನಲ್ಲಿ ಪ್ರತಿ ನಕಲಿಗೂ ಚಿತ್ರ ಸ್ವಲ್ಪ ಸೊರಗುತ್ತದೆ, ಇದಕ್ಕೆ ಜನರೇಷನ್ ಲಾಸ್ ಎಂದು ಹೆಸರು. ಕ್ಯಾಮೆರಾದ ಟೇಪಿನಿಂದ ಎಡಿಟ್ ಆದ ಟೇಪು, ಅದರಿಂದ ಪ್ರಸಾರದ ಪ್ರತಿ. ವೀಕ್ಷಕರ ಮುಂದೆ ಬರುವಷ್ಟರಲ್ಲಿ ಅದು ಮೊಮ್ಮಗ. ಮನೆಯ ಟೇಪು ಮೊದಲ ಸಲ ನೋಡಲು ಚೆನ್ನಾಗಿಯೇ ಇರುತ್ತದೆ, ಮೂರನೇ ತಲೆಮಾರಿಗೆ ಕುಸಿಯುತ್ತದೆ. ಮೊಮ್ಮಗನ ಮುಖದಲ್ಲೂ ಅಜ್ಜನ ಹೋಲಿಕೆ ಉಳಿಸುವುದಕ್ಕೇ ಆ ವೇಗ, ಆ ಅಗಲ ಗೆರೆ, ಆ ಖರ್ಚು.

ಇವತ್ತು ಈ ಟೇಪುಗಳೆಲ್ಲ ಸಂಗ್ರಹಾಲಯದ ಕಪಾಟಿನಲ್ಲಿವೆ. 1970–80ರ ದಶಕದ ಎಷ್ಟೋ ಟೇಪುಗಳ ಅಂಟು ಗಾಳಿಯ ತೇವ ಕುಡಿದು ಜಿಗುಟಾಗಿದೆ. ಹಾಗೇ ಓಡಿಸಿದರೆ ಲೇಪವೇ ಕಿತ್ತು ಹೆಡ್ಡಿಗೆ ಮೆತ್ತಿಕೊಳ್ಳುತ್ತದೆ. ಸುಮಾರು 50 ಡಿಗ್ರಿಯಲ್ಲಿ ಗಂಟೆಗಟ್ಟಲೆ ಬಿಸಿ ಮಾಡಿ, ತೇವ ಆರಿಸಿ ಓಡಿಸುತ್ತಾರೆ. ಅದಕ್ಕಿಂತ ಕಷ್ಟ ಮಶೀನಿನದು. ಒಂದು ಇಂಚಿನ ರೀಲು ಕೈಗೆ ಸಿಕ್ಕರೆ ಅದು ಬಿ ಇರಬಹುದು, ಸಿ ಇರಬಹುದು. ಅಗಲ ನೋಡಿ ಹೇಳಲು ಬರುವುದಿಲ್ಲ, ಸರಿಯಾದ ಮಶೀನು ಇಲ್ಲದಿದ್ದರೆ ಅದು ಬರೀ ಕಂದು ಪಟ್ಟಿ. ಟೇಪು ಚೆನ್ನಾಗಿದ್ದರೂ ಓದುವ ಮಶೀನು, ರಿಪೇರಿ ಬಲ್ಲವರು ಉಳಿಯುವುದಿಲ್ಲ ಎಂದು ಯುನೆಸ್ಕೋ ಕಡೆಯಿಂದ 2019ರಲ್ಲೇ ಎಚ್ಚರಿಕೆ ಬಂದಿತ್ತು. ಅವರು ಹಾಕಿದ್ದ ಗಡುವು 2025.

ಅಂಥ ಒಂದು ಟೇಪು ಸರಿಯಾದ ಮಶೀನಿಗೆ ಸಿಕ್ಕಿ ಓಡಿದಾಗ ಸಾಮಾನ್ಯವಾಗಿ ಮೊದಲು ಕಾಣುವುದು ಕಾರ್ಯಕ್ರಮವಲ್ಲ, ಬಣ್ಣದ ಪಟ್ಟಿಗಳು, ಜೊತೆಗೆ ಕೂ ಎನ್ನುವ ಒಂದೇ ಸ್ವರ. ಕಲರ್ ಬಾರ್ ಅನ್ನುವುದು ಇದಕ್ಕೇ. ಅನಲಾಗಿನಲ್ಲಿ ಇದೇ ಸರಿಯಾದ ಕೆಂಪು ಎಂದು ಹೇಳುವ ಅಂಕಿ ಇಲ್ಲವಲ್ಲ. ಅದಕ್ಕೆ ರೆಕಾರ್ಡ್ ಮಾಡಿದವರು ತಮ್ಮ ಅಳತೆಗೋಲನ್ನೂ ಟೇಪಿನ ತಲೆಯಲ್ಲೇ ಕಟ್ಟಿ ಕಳಿಸುತ್ತಿದ್ದರು. ಓಡಿಸುವವರು ಆ ಪಟ್ಟಿ ನೋಡುತ್ತಾ ಗುಬುಟು ತಿರುಗಿಸಿ ಬೆಳಕು, ಬಣ್ಣ, ಧ್ವನಿ ಸರಿಮಾಡಿಕೊಳ್ಳುತ್ತಾರೆ. ನಲವತ್ತು ವರ್ಷದ ಹಿಂದೆ ಒಬ್ಬರು ಇಟ್ಟ ಕೆಂಪಿಗೆ ಇವತ್ತು ಇನ್ನೊಬ್ಬರು ಕೆಂಪು ಹೊಂದಿಸುತ್ತಾರೆ. ಪಟ್ಟಿಗಳು ಹೋಗಿ ಒಂದು ಗಡಿಯಾರ ಬರುತ್ತದೆ. ಮಶೀನು ತಾಳಕ್ಕೆ ಬರಲು ಬೇಕಾದ ಸೆಕೆಂಡುಗಳನ್ನು ಅದು ಎಣಿಸುತ್ತದೆ. ಪರದೆ ಕಪ್ಪಾಗುತ್ತದೆ, ಆಮೇಲೆ ಕಾರ್ಯಕ್ರಮ.