ಬಿಳಿ ಅಕ್ಷರದಲ್ಲಿ ಬಚ್ಚಿಟ್ಟ ತೊಗರಿಬೇಳೆ

ಕಲಬುರಗಿಯ ಗೆಳೆಯರೊಬ್ಬರದು ದಾಲ್ ಮಿಲ್. ಮೊನ್ನೆ ಅವರ ವೆಬ್‌ಸೈಟ್ ತೆರೆದು, ಕೆಳಗೆ ಖಾಲಿ ಕಾಣ್ತಿದ್ದ ಜಾಗದ ಮೇಲೆ ಸುಮ್ನೆ ಮೌಸ್ ಎಳೆದೆ. ನೀಲಿ ಪಟ್ಟಿಯೊಳಗೆ ಸಾಲು ಸಾಲು ಅಕ್ಷರ ಎದ್ದು ಬಂದವು: ಗುಲ್ಬರ್ಗಾ ತೊಗರಿ, ಗುಲ್ಬರ್ಗಾ ಬೇಳೆ, ಬೆಸ್ಟ್ ಬೇಳೆ, ಗುಲ್ಬರ್ಗಾ ಬೆಸ್ಟ್ ಬೇಳೆ... ಬಿಳಿ ಪುಟದ ಮೇಲೆ ಬಿಳಿ ಬಣ್ಣದಲ್ಲಿ.

"ಗೂಗಲ್‌ನ್ಯಾಗ ಫಸ್ಟ್ ಬರ್ತದ ಅಂದಿದ್ರು ನೋಡ್ರಿ" ಅಂದರು. ಸೈಟ್ ಮಾಡಿಕೊಟ್ಟವನು ಇದಕ್ಕೆಂದೇ ಬೇರೆ ದುಡ್ಡು ತಗೊಂಡಿದ್ದ.

ಅವನು ಹೇಳಿದ್ದು ಒಂದು ಕಾಲಕ್ಕೆ ನಿಜವೇ ಆಗಿತ್ತು. ಈಗ ಹಳಸಿದೆ. 1990ರ ದಶಕದಲ್ಲಿ ಆಲ್ಟಾವಿಸ್ಟಾದಂಥ ಸರ್ಚ್ ಎಂಜಿನ್‌ಗಳು ಪುಟದಲ್ಲಿ ಯಾವ ಪದ ಎಲ್ಲಿದೆ, ಎಷ್ಟು ಸಲ ಇದೆ ಅನ್ನೋದನ್ನೇ ಬಹಳ ನೆಚ್ಚಿಕೊಂಡಿದ್ದವು. ಪುಟದ ಕೋಡಿನಲ್ಲಿ ಮೆಟಾ ಕೀವರ್ಡ್ ಅಂತ ಒಂದು ಸಾಲು ಬೇರೆ, ಅಲ್ಲಿ ಮಾಲೀಕರೇ ಬೇಕಾದ ಪದ ಹಾಕಬಹುದಿತ್ತು. ತುಂಬಿದ್ದೇ ತುಂಬಿದ್ದು. ಕೊನೆಗೆ 2009ರಲ್ಲಿ ಗೂಗಲ್, ಪುಟಗಳಿಗೆ ಸ್ಥಾನ ಕೊಡುವಾಗ ಆ ಸಾಲನ್ನು ನೋಡುವುದೇ ಇಲ್ಲ ಅಂತ ಬಹಿರಂಗವಾಗಿ ಹೇಳಿತು. ನಮ್ಮ ಗೆಳೆಯರ ಬಿಲ್ಲಿನಲ್ಲಿ ಅದಕ್ಕೂ ರೇಟು ಇತ್ತು! ಬಚ್ಚಿಟ್ಟ ಅಕ್ಷರವಂತೂ ಗೂಗಲ್ ನಿಯಮದಲ್ಲಿ ನೇರವಾಗಿ ಮೋಸ.

ಬಿಲ್ಲಿನ ಮುಂದಿನ ಸಾಲು: 500 ಬ್ಯಾಕ್‌ಲಿಂಕ್. ಅಂದರೆ ಬೇರೆ ಸೈಟುಗಳಿಂದ ಇವರ ಪುಟಕ್ಕೆ ಕೊಡಿಸುವ ಲಿಂಕ್. ಇದಕ್ಕೂ ಮೂಲ ಇದೆ. ಸ್ಟ್ಯಾನ್‌ಫರ್ಡ್‌ನಲ್ಲಿ ಓದುತ್ತಿದ್ದ ಲ್ಯಾರಿ ಪೇಜ್, ಸೆರ್ಗೆ ಬ್ರಿನ್, ಒಂದು ಪುಟಕ್ಕೆ ಬೇರೆ ಯಾರು ಲಿಂಕ್ ಕೊಟ್ಟಿದ್ದಾರೆ ಅಂತ ನೋಡುವ ಪೇಜ್‌ರ‍್ಯಾಂಕ್ ಲೆಕ್ಕ ಹಾಕಿದರು. 1998ರಲ್ಲಿ ಗೂಗಲ್ ಕಂಪನಿ ಶುರುವಾದದ್ದು ಅದರ ಮೇಲೆಯೇ. ಬೀದರಿಗೆ ಹೋಗಿ ಒಳ್ಳೆ ಬಿದ್ರಿ ಹೂಜಿ ಎಲ್ಲಿ ಸಿಗುತ್ತೆ ಅಂತ ನಾಲ್ಕು ಜನರನ್ನು ಕೇಳಿ, ಅವರಲ್ಲಿ ಆ ಕೆಲಸ ಬಲ್ಲವನ ಮಾತಿಗೆ ಜಾಸ್ತಿ ತೂಕ ಕೊಡ್ತೀವಲ್ವಾ, ಹಾಗೆ. ಆಮೇಲೆ ಜನ ಆ ಮಾತನ್ನೇ, ಅಂದರೆ ಲಿಂಕನ್ನೇ, ಮಾರೋಕೆ ಶುರು ಮಾಡಿದರು. 2011ರಲ್ಲಿ ಗೂಗಲ್ ಲೆಕ್ಕದಲ್ಲಿ ಪಾಂಡಾ ಅನ್ನೋ ಬದಲಾವಣೆ ಬಂದು ಸತ್ವವಿಲ್ಲದ ಪುಟಗಳನ್ನು ಕೆಳಗೆ ತಳ್ಳಿತು, 2012ರಲ್ಲಿ ಪೆಂಗ್ವಿನ್ ಬಂದು ಕೊಂಡ ಲಿಂಕುಗಳ ಬೆನ್ನು ಹತ್ತಿತು.

ನಮಗೆ ಇನ್ನೊಂದು ಕತೆ ಇದೆ, ಇಂಗ್ಲಿಷ್ ಸೈಟಿನವರಿಗೆ ಈ ತಾಪತ್ರಯ ಇರಲಿಲ್ಲ. ನುಡಿ, ಬರಹ ಅನ್ನೋ ಕನ್ನಡ ಟೈಪಿಂಗ್ ತಂತ್ರಾಂಶಗಳ ಹಳೇ ಫಾಂಟಿನಲ್ಲಿ ಟೈಪ್ ಮಾಡಿದ್ದು ಕಣ್ಣಿಗೆ ಕನ್ನಡ, ಕಂಪ್ಯೂಟರಿನ ಒಳಗೆ ಮಾತ್ರ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ. ಪುಟದ ತುಂಬಾ ತೊಗರಿ ಅಂತ ಬರೆದಿದ್ದರೂ, ತೊಗರಿ ಅಂತ ಹುಡುಕಿದವನಿಗೆ ಅದು ಸಿಗ್ತಿರಲಿಲ್ಲ. ಕನ್ನಡದ ಅಕ್ಷರಕ್ಕೆ ಕಂಪ್ಯೂಟರಿನ ಒಳಗೂ ಅದರದೇ ಸಂಕೇತ ಕೊಡುವ ಯುನಿಕೋಡ್ ಬಂದು ಆ ಕಷ್ಟ ತಪ್ಪಿತು. ಈಗ ಅದೇ ತಪ್ಪನ್ನು ಬೇರೆ ಥರ ಮಾಡ್ತಾ ಇದ್ದೀವಿ: ರೇಟು, ವಿಳಾಸ, ಫೋನ್ ನಂಬರ್ ಎಲ್ಲಾ ಒಂದು ಫೋಟೊ ಮಾಡಿ ಹಾಕೋದು. ಫೋಟೊ ಒಳಗಿನ ಅಕ್ಷರ, ಟೈಪ್ ಮಾಡಿದ ಅಕ್ಷರದಷ್ಟು ಸಲೀಸಾಗಿ ಹುಡುಕಾಟಕ್ಕೆ ಸಿಗಲ್ಲ.

ಗುಲ್ಬರ್ಗಾ ಅಂತ ಅಷ್ಟು ಸಲ ಬರೆದದ್ದು ಯಾಕೆ ಅಂತ ಕೇಳಿದೆ. ಊರಿನ ಹೆಸರು 2014ರ ನವೆಂಬರ್ 1ರಂದು ಕಲಬುರಗಿ ಆಯಿತು, ಹಳೇ ಹೆಸರಲ್ಲಿ ಹುಡುಕುವವರು ತಪ್ಪಿ ಹೋಗಬಾರದಂತೆ. ಯೋಚನೆ ಸರಿಯೇ. ಆದರೆ ಎರಡೂ ಒಂದೇ ಊರು ಅಂತ ಗೂಗಲ್‌ಗೂ ಗೊತ್ತು. ಕಣ್ಣಿಗೆ ಕಾಣುವ ಹಾಗೆ ಒಂದು ಸಲ ಬರೆದರೆ ಸಾಕು.

ಜಾಹೀರಾತಿಗೆ ದುಡ್ಡು ಕೊಟ್ಟರೆ ಮಾಮೂಲಿ ಫಲಿತಾಂಶದಲ್ಲೂ ಮೇಲೆ ಬರ್ತೀವಿ ಅನ್ನೋದೂ ಸುಳ್ಳು. ಇನ್ನು ನಂಬರ್ ಒನ್ ಗ್ಯಾರಂಟಿ. ಯಾರ ಫೋನಿನಲ್ಲಿ ನಂಬರ್ ಒನ್? ದಾಲ್ ಮಿಲ್ ಅಂತ ಹುಮನಾಬಾದಿನಲ್ಲಿ ನಿಂತು ಹುಡುಕಿದವನಿಗೂ ಇಲ್ಲಿ ಕಲಬುರಗಿಯ ಜಗತ್ ವೃತ್ತದಲ್ಲಿ ನಿಂತವನಿಗೂ ಒಂದೇ ಪಟ್ಟಿ ಬರಲ್ಲ, ದೂರವೂ ಲೆಕ್ಕಕ್ಕೆ ಬರುತ್ತೆ.

ಬಿಳಿ ಅಕ್ಷರ ಅಳಿಸಿದೆವು. ಗಿರಾಕಿಗಳು ಫೋನ್ ಮಾಡಿ ಏನು ಕೇಳ್ತಾರೆ ಅಂದೆ. "ಕಮ್ಮಿ ಅಂದ್ರ ಎಷ್ಟು ಕ್ವಿಂಟಲ್ ಕೊಡ್ತೀರಿ, ಪಾಲಿಶ್ ಇಲ್ದಿದ್ದು ಅದಾ, ಲಾರಿ ಬಾಡಿಗಿ ಯಾರದು, ಇಷ್ಟೇ ನೋಡ್ರಿ." ಮೊದಲಿನ ಎರಡಕ್ಕೆ ಉತ್ತರ ಅವತ್ತೇ ಪುಟಕ್ಕೆ ಹಾಕಿದರು. ಲಾರಿ ಬಾಡಿಗೆ ವಿಷಯದಲ್ಲಿ ಅಣ್ಣತಮ್ಮಂದಿರಲ್ಲಿ ಇನ್ನೂ ಒಮ್ಮತ ಇಲ್ಲವಂತೆ.